ತಲೆ ಮುಟ್ಟಿ ಎಣಿಸುತ್ತಿದ್ದ ಮೇಷ್ಟ್ರು

ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ತರೀಕೆರೆಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಬೀಜಗಣಿತ ಹೇಳಿಕೊಡುತ್ತಿದ್ದೆ. ಪೀರಿಯಡ್ ಮುಗಿಸಿ ಫೋನ್ ನೋಡಿದರೆ ಊರಿನ ಗೆಳತಿಯ ಮೆಸೇಜು: "ಮೇಷ್ಟ್ರು ಹೋಗ್ಬಿಟ್ರು ಕಣೇ. ಬೆಳಿಗ್ಗೆ, ಬೀರೂರಲ್ಲೇ." ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ನನ್ನ ಮುಖ ನೋಡಿ "ಯಾರ್ರೀ?" ಎಂದರು. "ನಂಗೆ ಲೆಕ್ಕ ಕಲಿಸಿದೋರು" ಎಂದೆ. ಅಳು ಬರಲಿಲ್ಲ. ಅವರ ಜೊತೆ ಮಾತು ಬಿಟ್ಟು ಆಗ ಏಳು ತಿಂಗಳಾಗಿತ್ತು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರ ಹೆಂಡತಿ ಇದ್ದಾರೆ. ಅಲ್ಲದೆ ನಮ್ಮೂರಿನಲ್ಲಿ ಅವರನ್ನು ಯಾರೂ ಹೆಸರಿಟ್ಟು ಕರೆದವರಲ್ಲ, ಹಿರಿಯರಿಗೂ ಕಿರಿಯರಿಗೂ ಅವರು ಬರೀ ಮೇಷ್ಟ್ರು.

ನಮ್ಮೂರು ಪಂಚನಹಳ್ಳಿ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ, ಎಮ್ಮೆದೊಡ್ಡಿ ಕಾವಲಿನ ಅಂಚಿಗೆ. ಏಳನೇ ತರಗತಿಯವರೆಗೆ ಸರ್ಕಾರಿ ಶಾಲೆ, ಎರಡು ಕೊಠಡಿ, ಒಂದು ಜಗಲಿ. ಮೇಷ್ಟ್ರು ಅದರ ಹೆಡ್ಮಾಸ್ಟರು. ಜೊತೆಗೊಬ್ಬರು ಸಹಶಿಕ್ಷಕಿ ಇರುತ್ತಿದ್ದರು, ವರ್ಷ ಎರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಿದ್ದರು. ಮೇಷ್ಟ್ರು ಮಾತ್ರ ಕದಲಲಿಲ್ಲ. ಬೀರೂರಿನಿಂದ ಮೊಪೆಡ್ಡಿನಲ್ಲಿ ಬರುವರು. ಕುಳ್ಳಗಿನ ಆಳು, ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಸೀಮೆಸುಣ್ಣದ ಚೂರುಗಳು. ಸಂಜೆ ಹೊತ್ತಿಗೆ ಆ ಜೇಬು ಬಿಳಿಯಾಗಿರುತ್ತಿತ್ತು.

ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಸಾಲುಗಳ ನಡುವೆ ನಡೆದು ಪ್ರತಿ ತಲೆಯ ಮೇಲೂ ಎರಡು ಬೆರಳಿಟ್ಟು ಎಣಿಸುವುದು ಅವರ ಪದ್ಧತಿ. ಹಾಜರಿ ಪುಸ್ತಕ ಬೇರೆ ಇತ್ತು, ಆದರೂ ಈ ಎಣಿಕೆ ತಪ್ಪುತ್ತಿರಲಿಲ್ಲ. ಎಣ್ಣೆ ಹಚ್ಚಿದ ತಲೆಯಾದರೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಕ್ಕೆ ಹೋಗುವರು. ಒಂದು ತಲೆ ಕಡಿಮೆಯಾದರೂ ಸಹಶಿಕ್ಷಕಿಗೆ ಕ್ಲಾಸು ಒಪ್ಪಿಸಿ ಆ ಮನೆಗೇ ಹೊರಡುವರು. ಒಂದು ಸಲ ನನ್ನ ಗೆಳತಿ ಮೂರು ದಿನ ಬರಲಿಲ್ಲ. ಅವಳ ಅವ್ವ ಕೂಲಿಗೆ ಹೋಗುತ್ತಿದ್ದರಿಂದ ಎದೆಹಾಲು ಬಿಟ್ಟ ತಂಗಿಯನ್ನು ಇವಳು ನೋಡಿಕೊಳ್ಳಬೇಕಿತ್ತು. ಮೇಷ್ಟ್ರು ಹೋಗಿ, ಕೂಸನ್ನು ಎತ್ತಿಕೊಂಡು, ಇವಳನ್ನು ಮುಂದೆ ನಡೆಸಿಕೊಂಡು ಬಂದರು. "ಇದೂ ಒಂದ್ನೇ ಕ್ಲಾಸಲ್ಲಿ ಮಲ್ಕೊಂಡಿರ್ಲಿ. ನೀನು ಭೂಗೋಳ ತೆಗಿ" ಎಂದರು. ಆ ಕೂಸು ಒಂದು ವರ್ಷ ನಮ್ಮ ಶಾಲೆಯ ಗೋಣಿತಾಟಿನ ಮೇಲೇ ಬೆಳೆಯಿತು.

ಲೆಕ್ಕದಲ್ಲಿ ಅವರು ಪೂರ್ತಿ ಅಂಕ ಕೊಡುವುದು ಅಪರೂಪ. "ಉತ್ತರ ಸರಿ ಐತೆ. ಹೆಂಗೆ ಬಂತು ಅಂತ ಬರ್ದೇ ಇಲ್ವಲ್ಲವ್ವ" ಎಂದು ಪುಸ್ತಕ ವಾಪಸು ಕೊಡುವರು. ನಾಲ್ಕನೇ ತರಗತಿಯಲ್ಲಿ ಒಂದು ದಿನ ಮೂವತ್ತಾರು ಇಪ್ಪತ್ತೈದಲೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ನಾನು ಒಂಬೈನೂರು ಎಂದುಬಿಟ್ಟೆ. ಹೆಂಗೆ ಅಂದರು. ನಮ್ಮಪ್ಪ ತೆಂಗಿನ ತೋಟಗಳಲ್ಲಿ ಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದ. ರಜೆಯಲ್ಲಿ ನಾನೂ ಹೋಗಿ ಗುಡ್ಡೆ ಎಣಿಸುತ್ತಿದ್ದೆ. "ಇಪ್ಪತ್ತೈದರ ನಾಕು ಗುಡ್ಡೆ ಸೇರ್ದ್ರೆ ನೂರು ಸಾರ್. ಮೂವತ್ತಾರು ಗುಡ್ಡೇಲಿ ಅಂಥವು ಒಂಬತ್ತು" ಎಂದೆ. ಮೇಷ್ಟ್ರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ತರಗತಿಗೆ ಹೇಳಿದರು: "ಇವತ್ತು ಪಾಠ ಮಾಡಿದ್ದು ಇವಳು ಕಣ್ರೋ."

ಅವತ್ತೇ ಸಂಜೆ ಅವರು ನಮ್ಮ ಕೇರಿಗೆ ಬಂದರು. ಮೇಷ್ಟ್ರು ನಮ್ಮ ಕೇರಿಯೊಳಗೆ ಬಂದು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪ ಗಾಬರಿಯಾಗಿ ಚಾಪೆ ಹಾಸಿದ. ಜಿಲ್ಲೆಗೆ ಒಂದು ದೊಡ್ಡ ವಸತಿ ಶಾಲೆ ಇದೆ, ಸರ್ಕಾರದ್ದೇ. ಹಳ್ಳಿಯ ಚುರುಕು ಮಕ್ಕಳಿಗೆಂದೇ ಮಾಡಿದ್ದು. ಐದನೇ ತರಗತಿಯಲ್ಲಿರುವಾಗ ಪರೀಕ್ಷೆ ಬರೆಯಬೇಕು, ಆರಿಸಿದರೆ ಆರರಿಂದ ಹನ್ನೆರಡರವರೆಗೆ ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಮೇಷ್ಟ್ರು ಇದನ್ನೆಲ್ಲ ವಿವರಿಸಿ, "ಇವಳನ್ನ ಅದಕ್ಕೆ ತಯಾರು ಮಾಡ್ತೀನಿ ಕಣಪ್ಪ. ನಿಂಗೆ ಒಪ್ಪಿಗೆ ತಾನೆ?" ಎಂದು ಕೇಳಿದರು.

ಅಪ್ಪ ಕೈಮುಗಿದ. "ನಂಗೇನು ಗೊತ್ತಾಯ್ತದೆ ಮೇಷ್ಟ್ರೇ. ನೀವು ಹೆಂಗೆ ಹೇಳ್ತೀರೋ ಹಂಗೆ."

ಮುಂದಿನ ಒಂದು ವರ್ಷ ಅವರು ನನಗಾಗಿ ಪಟ್ಟ ಪಾಡನ್ನು ನೆನೆದರೆ ಈಗಲೂ ನಂಬಲಾಗುವುದಿಲ್ಲ. ಆ ಪರೀಕ್ಷೆಯಲ್ಲಿ ಚಿತ್ರಗಳ ಪ್ರಶ್ನೆಗಳು ಹೆಚ್ಚು. ಯಾವುದು ಗುಂಪಿಗೆ ಸೇರುವುದಿಲ್ಲ, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಇಂಥವು. ಪುಸ್ತಕ ಸಿಗದಿದ್ದಾಗ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಚಿತ್ರ ಬರೆದುಕೊಂಡು ಬರುತ್ತಿದ್ದರು. ಬೀರೂರಿನ ಕ್ಷೌರದಂಗಡಿಯಿಂದ ಒಡೆದ ಕನ್ನಡಿಯ ತುಂಡೊಂದನ್ನು ಕೇಳಿ ತಂದು, ಅಂಚಿಗೆ ಟೇಪು ಸುತ್ತಿ ನನ್ನ ಕೈಗೆ ಕೊಟ್ಟಿದ್ದರು. ಉತ್ತರ ಪತ್ರಿಕೆಯಲ್ಲಿ ದುಂಡು ತುಂಬಬೇಕು, ಗೆರೆ ದಾಟಬಾರದು ಎಂದು ಬಾಟಲಿ ಮುಚ್ಚಳ ಇಟ್ಟು ಹಾಳೆ ತುಂಬ ದುಂಡು ಬರೆಸಿ ತುಂಬಿಸುತ್ತಿದ್ದರು. ಪರೀಕ್ಷೆಯ ದಿನ ಕಡೂರಿಗೆ ಅವರೇ ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಾನು ಹೊರಗೆ ಬಂದಾಗ ಗೇಟಿನ ಬಳಿ ಬಿಸಿಲಲ್ಲೇ ನಿಂತಿದ್ದರು. "ಎಷ್ಟು ಬಿಟ್ಟೆ?" ಎಂದರು. "ಒಂದೂ ಬಿಡ್ಲಿಲ್ಲ ಸಾರ್." ಅವರು ನಕ್ಕರು. ಹೋಟೆಲಿನಲ್ಲಿ ನನಗೆ ಮಸಾಲೆ ದೋಸೆ ಕೊಡಿಸಿ, ತಾವು ಬರೀ ಕಾಫಿ ಕುಡಿದರು.

ಬೇಸಿಗೆ ರಜೆ ಕಳೆದು ಶಾಲೆ ಶುರುವಾದಾಗ ಮೇಷ್ಟ್ರು ನನ್ನನ್ನು ಜಗಲಿಗೆ ಕರೆದರು. "ಬರ್ಲಿಲ್ಲ ಕಣವ್ವ" ಎಂದರು. "ಪಟ್ಟೀಲಿ ನಿನ್ ಹೆಸ್ರಿಲ್ಲ." ಅವರ ಕಣ್ಣು ಕೆಂಪಗಾಗಿತ್ತು. ನಾನು ಮನೆಗೆ ಓಡಿಹೋಗಿ ಅತ್ತೆ. ಅಪ್ಪ ತಲೆ ಸವರಿ ಹೇಳಿದ್ದು ಇಷ್ಟೇ: "ಹೋಗ್ಲಿ ಬಿಡವ್ವ. ಮೇಷ್ಟ್ರಿಗೇ ನಿಂಗಿಂತ ಬೇಜಾರಾಗೈತೆ, ಪಾಪ." ಮಾರನೆಯ ದಿನ ಹೋಗಿ ಅವರಿಗೆ ನಾಲ್ಕು ಎಳನೀರು ಕೊಟ್ಟು ಬಂದ.

ಆರು, ಏಳು ಅಲ್ಲೇ ಓದಿದೆ. ಮೇಷ್ಟ್ರು ಮೊದಲಿಗಿಂತ ಹೆಚ್ಚು ಕಲಿಸಿದರು. ಏಳರಲ್ಲಿರುವಾಗಲೇ ಹೈಸ್ಕೂಲಿನ ರೇಖಾಗಣಿತ ಮುಗಿಸಿದ್ದೆ. ಆದರೆ ನನ್ನೊಳಗೆ ಏನೋ ಕುಸಿದಿತ್ತು. ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಹೆಸರು ಕೊಡಿ ಎಂದಾಗ ನಾನು ಕೈ ಎತ್ತಲಿಲ್ಲ. ಪಿಯುಸಿ ಆದ ಮೇಲೆ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರಿ ಎಂದು ಲೆಕ್ಚರರು ಒತ್ತಾಯ ಮಾಡಿದಾಗಲೂ "ಅಂಥ ಪರೀಕ್ಷೆ ನಂಗೆ ಆಗಲ್ಲ ಮೇಡಂ" ಎಂದುಬಿಟ್ಟೆ. ಆರಿಸುವ ಪರೀಕ್ಷೆಗಳಲ್ಲಿ ನಾನು ಆಯ್ಕೆಯಾಗುವವಳಲ್ಲ ಎಂಬುದು ನನ್ನ ಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ಕಡೂರಿನಲ್ಲಿ ಬಿಎಸ್ಸಿ, ಆಮೇಲೆ ಬಿಎಡ್, ಈಗ ತರೀಕೆರೆಯಲ್ಲಿ ಅತಿಥಿ ಶಿಕ್ಷಕಿ. ಕೆಟ್ಟ ಬದುಕೇನಲ್ಲ. ಮೇಷ್ಟ್ರು ನಿವೃತ್ತರಾದಾಗ ನಾನೇ ಮುಂದೆ ನಿಂತು ಸನ್ಮಾನ ಮಾಡಿಸಿದ್ದೆ.

ತೀರಿಕೊಳ್ಳುವ ಏಳು ತಿಂಗಳ ಮುಂಚೆ ಅವರು ಫೋನ್ ಮಾಡಿದರು. ಲಘುವಾಗಿ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತ್ತು. "ಒಂದ್ಸಲ ಬಂದು ಹೋಗವ್ವ. ನಿಂದೊಂದು ವಸ್ತು ನನ್ ಹತ್ರ ಐತೆ" ಎಂದರು. ಭಾನುವಾರ ರೈಲಿನಲ್ಲಿ ಬೀರೂರಿಗೆ ಹೋದೆ. ಅವರ ಹೆಂಡತಿ ನನ್ನನ್ನು ಒಳಗೆ ಕೂರಿಸಿ ಕಾಫಿ ಮಾಡಲು ಹೋದರು. ಮೇಷ್ಟ್ರು ದಿಂಬಿನ ಕೆಳಗಿನಿಂದ ಒಂದು ಕಂದು ಲಕೋಟೆ ತೆಗೆದು ಬಲಗೈಯಲ್ಲಿ ಚಾಚಿದರು.

ಮೇಲೆ ನಮ್ಮಪ್ಪನ ಹೆಸರು, ಕೆಳಗೆ ಶಾಲೆಯ ವಿಳಾಸ. ಒಳಗಿನ ಕಾಗದದಲ್ಲಿ ನನ್ನ ಹೆಸರು, ಕ್ರಮಸಂಖ್ಯೆ. ಆರನೇ ತರಗತಿಗೆ ಆಯ್ಕೆಯಾಗಿದ್ದೀರಿ, ದಾಖಲೆಗಳೊಂದಿಗೆ ನಿಗದಿತ ದಿನದೊಳಗೆ ಹಾಜರಾಗತಕ್ಕದ್ದು ಎಂದಿತ್ತು. ಎರಡು ಸಲ ಓದಿದರೂ ನನಗೆ ಅರ್ಥವಾಗಲಿಲ್ಲ.

"ಇದು ತಡವಾಗಿ ಬಂತಾ ಸಾರ್?" ಎಂದೆ.

"ಇಲ್ಲ. ಸರಿಯಾದ ಟೈಮಿಗೇ ಬಂತು."

ನಾನು ಕಾಗದದ ಮೇಲಿನ ತಾರೀಖು ನೋಡಿದೆ.

"ಆ ವರ್ಷ ತಪಾಸಣೆಗೆ ಬಂದೋರು ಹೇಳಿ ಹೋಗಿದ್ರು" ಎಂದರು. ನಾಲಿಗೆ ಸ್ವಲ್ಪ ತೊದಲುತ್ತಿತ್ತು. "ಇನ್ನೊಂದು ತಲೆ ಕಮ್ಮಿ ಆದ್ರೂ ಆರು, ಏಳು ಎತ್ತಿ ಪಂಚನಹಳ್ಳಿಗೆ ಸೇರಿಸ್ತೀವಿ ಅಂತ. ಅಷ್ಟು ದೂರ ಹೆಣ್ಮಕ್ಕಳನ್ನ ಯಾರು ಕಳಿಸ್ತಾರೆ? ಎಲ್ಲಾ ಐದಕ್ಕೇ ನಿಲ್ತಾವೆ. ನಾನು ದಿನಾ ಎಣಿಸ್ತಿದ್ದೆ. ನಿನ್ ಬಿಟ್ರೆ ಒಂದು ಕಮ್ಮಿ. ಪೋಸ್ಟ್‌ಮ್ಯಾನ್ ಈ ಕಾಗ್ದ ಕೊಟ್ಟ ದಿನ ಜೇಬಲ್ಲಿ ಇಟ್ಕೊಂಡೆ. ನಾಳೆ ಕೊಡೋಣ, ನಾಳೆ ಕೊಡೋಣ ಅಂತ ಓಡಾಡಿದೆ. ಅಷ್ಟರಲ್ಲಿ ಸೇರೋ ದಿನ ದಾಟ್ಹೋಯ್ತು."

"ಇನ್ಯಾರ್ಯಾರದು ಹಿಂಗೆ ಇಟ್ಕೊಂಡಿದ್ರಿ?"

"ಯಾರದೂ ಇಲ್ಲ. ನಿನ್ನೊಬ್ಬಳದೇ. ಮುಂದಿನ ವರ್ಷ ಮಕ್ಕಳು ಜಾಸ್ತಿ ಸೇರಿದ್ರು, ಭಯ ಹೋಯ್ತು. ಆಮೇಲೆ ಬಂದದ್ದೆಲ್ಲ ನಾನೇ ಮನೆಗೆ ಹೋಗಿ ಕೊಟ್ಟಿದ್ದೀನಿ."

ಅವರು ಹೇಳಿದ್ದು ನಿಜ. ನನ್ನ ನಂತರ ನಮ್ಮೂರಿನಿಂದ ಮೂವರು ಆ ಶಾಲೆಗೆ ಹೋದದ್ದು ನನಗೂ ಗೊತ್ತಿತ್ತು. ಆದರೆ ಆ ಕ್ಷಣದಲ್ಲಿ ನನಗೆ ಬೇರೆಯೇ ಒಂದು ಪ್ರಶ್ನೆ ಬಂತು.

"ನಾನು ಊರ ಗೌಡರ ಮಗಳಾಗಿದ್ದಿದ್ರೆ ಹಿಂಗೆ ಮಾಡ್ತಿದ್ರಾ ಸಾರ್?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಗೌಡರಾಗಿದ್ರೆ ಪಟ್ಟಿ ಹಾಕಿದ ದಿನಾನೇ ಆಫೀಸಿಗೆ ಹೋಗಿ ನೋಡ್ಕೊಂಡ್ ಬರ್ತಿದ್ರು. ನಿಮ್ಮಪ್ಪ ಹೋಗಲ್ಲ ಅಂತ ಗೊತ್ತಿತ್ತು. ನಾನು ಹೇಳಿದ್ದನ್ನ ನಂಬ್ತಾನೆ ಅಂತ ಗೊತ್ತಿತ್ತು."

ಬಾಗಿಲಲ್ಲಿ ಲೋಟದ ಸದ್ದಾಯಿತು. ಅವರ ಹೆಂಡತಿ ತಟ್ಟೆ ಹಿಡಿದು ನಿಂತಿದ್ದರು. "ಏನ್ರೀ ಇದು? ಏನ್ ಹೇಳ್ತಿದ್ದೀರಿ ಆ ಮಗೀಗೆ?" ಎಂದರು. ಅವರಿಗೂ ಅದು ಅವತ್ತೇ ಗೊತ್ತಾದದ್ದು. ನಾನು ಎದ್ದೆ. "ಬೈದಾದ್ರೂ ಹೋಗವ್ವ" ಎಂದು ಮೇಷ್ಟ್ರು ಹಿಂದಿನಿಂದ ಹೇಳುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಬೀರೂರು ಸ್ಟೇಷನ್ನಿನಲ್ಲಿ ತರೀಕೆರೆ ಕಡೆಯ ರೈಲು ನನ್ನ ಮುಂದೆಯೇ ಬಂದು ನಿಂತು ಹೊರಟಿತು. ಅದು ಹೋದ ಮೇಲೆ ನಾನು ಹತ್ತಬೇಕಾಗಿದ್ದ ರೈಲು ಅದು ಎಂದು ಹೊಳೆಯಿತು.

ಅಪ್ಪನಿಗೆ ಹೇಳಿದಾಗ ಅವನು ಮೇಷ್ಟ್ರನ್ನು ಬೈಯಲಿಲ್ಲ. ಕಾಗದವನ್ನು ತಿರುವಿ ಮುರುವಿ ನೋಡಿದ. ಅವನಿಗೆ ಓದಲು ಬರುವುದಿಲ್ಲ. "ನಾನೇ ಹೋಗಿ ನೋಡ್ಬೇಕಾಗಿತ್ತು" ಎಂದ. "ಒಂದ್ ದಿನ ಕೆಲ್ಸ ಬಿಟ್ಟು ಹೋಗಿದ್ರೆ ಆಗಿರೋದು." ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ತಪ್ಪನ್ನು ಅಪ್ಪ ತನ್ನ ತಲೆಗೆ ಎಳೆದುಕೊಂಡುಬಿಟ್ಟಿದ್ದ. ಆಮೇಲೆ ಮೇಷ್ಟ್ರು ಎರಡು ಸಲ ಫೋನ್ ಮಾಡಿದರು. ನಾನು ಎತ್ತಲಿಲ್ಲ.

ಅವರು ಹೋದ ಹದಿನೈದು ದಿನಕ್ಕೆ ಊರಿನ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಹಳೆಯ ವಿದ್ಯಾರ್ಥಿನಿ, ಈಗ ತಾನೂ ಲೆಕ್ಕದ ಟೀಚರು ಎಂದು ನನ್ನನ್ನೂ ಮಾತಿಗೆ ಕರೆದಿದ್ದರು. ಕೂಸನ್ನು ಎತ್ತಿಕೊಂಡು ಬಂದದ್ದು, ಕನ್ನಡಿ ತುಂಡು, ಅಷ್ಟು ಹೇಳಿ ಇಳಿದುಬಿಡೋಣ ಎಂದೇ ಹೋಗಿದ್ದೆ. ಆದರೆ ನನಗಿಂತ ಮುಂಚೆ ಮಾತಾಡಿದ ಒಬ್ಬರು ಎತ್ತರದ ದನಿಯಲ್ಲಿ, "ಎಷ್ಟು ಮಕ್ಕಳನ್ನ ದೊಡ್ಡ ಶಾಲೆಗೆ ಕಳಿಸಿದ್ರು! ಒಂದೇ ಒಂದು ಮಗೂನ ದಾರಿಗೂ ಅಡ್ಡ ಬಂದೋರಲ್ಲ ನಮ್ಮ ಮೇಷ್ಟ್ರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅಪ್ಪನೂ ತಟ್ಟಿದ. ಅಪ್ಪನ ಆ ಕೈ ನೋಡಿದ ಮೇಲೆ ನನ್ನಿಂದಾಗಲಿಲ್ಲ.

ಮೈಕ್ ಹಿಡಿದು ನಡೆದದ್ದನ್ನೆಲ್ಲ ಹೇಳಿದೆ. ಅವರು ಎಷ್ಟು ಚೆನ್ನಾಗಿ ಕಲಿಸಿದರು ಎನ್ನುವುದನ್ನೂ ಹೇಳಿದೆ, ಕಾಗದ ಬಂದದ್ದನ್ನೂ ಹೇಳಿದೆ. ಮುಂದಿನ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ ತಲೆ ತಗ್ಗಿಸಿ ಕೂತಿದ್ದರು. ಅವರು ಏಳಲಿಲ್ಲ, ತಡೆಯಲೂ ಇಲ್ಲ.

ಮೊದಲು ಎದ್ದವಳು ನನ್ನ ಗೆಳತಿ, ತಂಗಿಯನ್ನು ಶಾಲೆಗೆ ತರುತ್ತಿದ್ದವಳು. ಈಗ ಊರಿನ ಅಂಗನವಾಡಿಯಲ್ಲಿದ್ದಾಳೆ. ಸಿಟ್ಟಿನಿಂದ ಅವಳ ಮುಖ ಕೆಂಪಾಗಿತ್ತು. "ನಿಂಗೆ ಅನ್ಯಾಯ ಆಯ್ತು, ಇಲ್ಲ ಅನ್ನಲ್ಲ ಕಣೇ" ಎಂದಳು. "ಆದ್ರೆ ಈ ಸ್ಕೂಲಲ್ಲಿ ಅವತ್ತು ಆರು, ಏಳು ಮುಚ್ಚಿದ್ರೆ ನಮ್ಮಪ್ಪ ನನ್ನ ಐದಕ್ಕೇ ಬಿಡಿಸ್ತಿದ್ದ. ಏಳು ಮುಗೀತು ಅಂತ ತಾನೆ ಹೈಸ್ಕೂಲಿಗೆ ಹೋದೆ? ನನ್ನಂಥೋರು ಇಲ್ಲಿ ಎಷ್ಟು ಜನ ಇದ್ದೀವಿ ನೋಡು." ನಾನು ನೋಡಿದೆ. ನಾಲ್ಕೈದು ಮುಖಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಜೊತೆ ಆರು, ಏಳು ಓದಿದ ಹುಡುಗಿಯರು.

ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಬಂತು. ಮೇಲುಕೇರಿಯ ಒಬ್ಬ ಹೆಂಗಸು, ಐವತ್ತರ ಹತ್ತಿರ ವಯಸ್ಸು, ನಾವೆಲ್ಲ ದೊಡ್ಡವ್ವ ಎಂದು ಕರೆಯುವವರು. ಅವರ ಮಗ ನನಗಿಂತ ಮೂರು ವರ್ಷ ಚಿಕ್ಕವನು, ಈಗ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುತ್ತಾನೆ. ಅವನೂ ಆ ಪರೀಕ್ಷೆ ಬರೆದಿದ್ದ, ಆಯ್ಕೆಯಾಗಲಿಲ್ಲ ಎಂದು ಮೇಷ್ಟ್ರೇ ಅವರಿಗೆ ಹೇಳಿದ್ದರು. ಅವರು ಕೂಗಲಿಲ್ಲ. ಸೆರಗು ಹಿಡಿದುಕೊಂಡು ಮೆಲ್ಲಗೆ ಕೇಳಿದರು:

"ಹಂಗಾರೆ ನನ್ ಮಗಂಗೂ ಬಂದಿತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ಜನರ ಮುಂದೆ ಮಾತಾಡುವಾಗ ಈ ಒಂದು ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. "ನಿನ್ನೊಬ್ಬಳದೇ" ಎಂದು ಮೇಷ್ಟ್ರು ಹೇಳಿದ್ದರು. ಆದರೆ ಅವರ ಮಾತನ್ನು ನಂಬಿ ಎಂದು ಯಾವ ಬಾಯಲ್ಲಿ ಹೇಳಲಿ? "ನಂಗೊತ್ತಿಲ್ಲ ದೊಡ್ಡವ್ವ" ಎಂದೆ. ಅವರು ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಕೈಗಿಟ್ಟರು. ಒಳಗೆ ಮಗನ ಪ್ರವೇಶಪತ್ರ, ಮೂಲೆಯಲ್ಲಿ ಅವನ ಪುಟ್ಟ ಫೋಟೋ. "ಎಲ್ಲಾದ್ರೂ ಕೇಳಿ ನೋಡವ್ವ. ಗೊತ್ತಾಗ್ಲಿ" ಎಂದರು.

ಮುಂದಿನ ವಾರ ರಜೆ ಹಾಕಿ ಆ ವಸತಿ ಶಾಲೆಗೆ ಹೋದೆ. ಅದನ್ನು ನಾನು ನೋಡಿದ್ದು ಅದೇ ಮೊದಲು. ಮೈದಾನ, ಮರದ ಸಾಲು, ಲೈಬ್ರರಿಯ ಉದ್ದನೆಯ ಕಿಟಕಿಗಳು. ಕೊಳಾಯಿ ಬಳಿ ಹುಡುಗಿಯರು ಊಟದ ತಟ್ಟೆ ತೊಳೆಯುತ್ತಾ ಏನೋ ಹಾಸ್ಯ ಮಾಡಿ ನಗುತ್ತಿದ್ದರು. ಎರಡು ಜಡೆಯ ಒಬ್ಬಳು ನನ್ನನ್ನು ನೋಡಿ "ನಮಸ್ತೆ ಮೇಡಂ" ಎಂದಳು. ನಾನು ಅಲ್ಲೇ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಕಚೇರಿಗೆ ಹೋದೆ.

ಗುಮಾಸ್ತರು ಒಳ್ಳೆಯವರು. ಹಳೆಯ ಪಟ್ಟಿಗಳ ಕಟ್ಟು ಬಿಚ್ಚಿದರು. ಮೊದಲು ನನ್ನ ವರ್ಷದ್ದು ತೆಗೆಸಿದೆ. ನನ್ನ ಹೆಸರು ಇತ್ತು. ಅದರ ಮುಂದೆ ಕೆಂಪು ಶಾಯಿಯಲ್ಲಿ "ಹಾಜರಾಗಿಲ್ಲ" ಎಂದು ಬರೆದು, ಕೆಳಗೆ ಕಾಯುವ ಪಟ್ಟಿಯಿಂದ ಇನ್ನೊಂದು ಹೆಸರು ಸೇರಿಸಿದ್ದರು. ಅಜ್ಜಂಪುರ ಕಡೆಯ ಯಾವುದೋ ಹಳ್ಳಿಯ ಹುಡುಗಿ. "ಇವಳು ನಿಮಗೆ ಗೊತ್ತೇನ್ರೀ?" ಎಂದು ಗುಮಾಸ್ತರು ಕೇಳಿದರು. ಇಲ್ಲ ಎಂದೆ. ಮೂರು ವರ್ಷ ಮುಂದಿನ ಪಟ್ಟಿಯಲ್ಲಿ ದೊಡ್ಡವ್ವನ ಮಗನ ಕ್ರಮಸಂಖ್ಯೆ ಹುಡುಕಿದೆವು. ಆಯ್ಕೆ ಪಟ್ಟಿಯಲ್ಲಿ ಇರಲಿಲ್ಲ. ಕಾಯುವ ಪಟ್ಟಿಯಲ್ಲೂ ಇರಲಿಲ್ಲ. ಇನ್ನೊಮ್ಮೆ ನೋಡಿ ಎಂದೆ. ಅವರು ಬೇಸರಿಸದೆ ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದರು. ಇಲ್ಲ.

ಊರಿಗೆ ಬಂದಾಗ ದೊಡ್ಡವ್ವ ಮನೆ ಮುಂದೆ ಕೂತು ಹುಣಸೆಹಣ್ಣು ಜಜ್ಜುತ್ತಿದ್ದರು. ನನ್ನನ್ನು ಕಂಡು ಕೊಡತಿ ಕೆಳಗಿಟ್ಟರು. ಪ್ರವೇಶಪತ್ರ ವಾಪಸು ಕೊಟ್ಟು, "ಎರಡು ಸಲ ನೋಡಿಸ್ದೆ ದೊಡ್ಡವ್ವ. ಇಲ್ಲ" ಎಂದೆ.

"ಬಂದೇ ಇರ್ಲಿಲ್ವಾ?"

"ಬಂದಿರ್ಲಿಲ್ಲ."

ಅವರು ಮಗನ ಫೋಟೋದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಅವರಿಗೆ ಸಮಾಧಾನವಾಯಿತೋ ಸಂಕಟವಾಯಿತೋ ನನಗೆ ತಿಳಿಯಲಿಲ್ಲ. ಆಮೇಲೆ ತಲೆ ಎತ್ತಿ ಕೇಳಿದರು:

"ಹಂಗಾರೆ ಮೇಷ್ಟ್ರು ನಂಗೆ ನಿಜಾನೇ ಹೇಳಿದ್ರಾ?"

ಸತ್ತವರ ಪರವಾಗಿ ಆ ಒಂದು ಮಾತು ಹೇಳಲು ಊರಲ್ಲಿ ನಾನಲ್ಲದೆ ಬೇರೆ ಯಾರೂ ಉಳಿದಿರಲಿಲ್ಲ.

"ಹೂಂ ದೊಡ್ಡವ್ವ" ಎಂದೆ. "ನಿಂಗೆ ನಿಜಾನೇ ಹೇಳಿದ್ರು."